ಸೈಕಲ್ ಮೇಲೆ ಸಂಜೆಯ ಮಂಗಳೂರು: ಓದುಗರ ಪ್ರಶ್ನೆ, ಬಳಗದ ಉತ್ತರ

ಮಾರ್ಗದರ್ಶಕರ ಜೊತೆ ಸಂಜೆ ಹೊತ್ತು ಸೈಕಲ್ ತುಳಿಯುತ್ತ ಊರು ನೋಡುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಶಿವಮೊಗ್ಗದಿಂದ ಎಂಟು ಮಂದಿ ನೆಂಟರು ಬರುತ್ತಿದ್ದಾರೆ. ಸುಲ್ತಾನ್ ಬತ್ತೇರಿಯಲ್ಲಿ ಶುರುಮಾಡಿ ಬಾವುಟಗುಡ್ಡೆಯಲ್ಲಿ ಮುಗಿಸುವ ದಾರಿಯೊಂದನ್ನು ಮಾರ್ಗದರ್ಶಕರು ಹೇಳಿದ್ದಾರೆ. ಇದು ಸರಿಯೇ? ಕದ್ರಿಯನ್ನೂ ಸೇರಿಸಬಹುದೇ? (ಕಾವೂರಿನ ಓದುಗರು)

ದಾರಿಯನ್ನು ತಿರುಗಿಸಿಕೊಳ್ಳಿ ಎನ್ನುವುದೇ ನಮ್ಮ ಸಲಹೆ. ಜಾಗಗಳು ಅವೇ ಇರಲಿ, ಕ್ರಮ ಮಾತ್ರ ಉಲ್ಟಾ ಆಗಲಿ. ಮಂಗಳೂರಿನಲ್ಲಿ ಸಂಜೆಯ ಸವಾರಿಯ ಕ್ರಮವನ್ನು ನಕ್ಷೆ ನೋಡಿ ನಿರ್ಧರಿಸಿದರೆ ಕೆಡುತ್ತದೆ. ಬೆಳಕು ಮತ್ತು ಏರು ಇವೆರಡನ್ನು ನೋಡಿ ನಿರ್ಧರಿಸಬೇಕು. ಬಾವುಟಗುಡ್ಡೆ ಮುರಕಲ್ಲಿನ ಗುಡ್ಡ. ಹಂಪನಕಟ್ಟೆ, ಬಂದರು, ರಥಬೀದಿ, ಕುದ್ರೋಳಿ ಎಲ್ಲವೂ ಅದರ ಬುಡದ ತಗ್ಗು. ಹೊಳೆದಂಡೆಯ ಬತ್ತೇರಿಯಿಂದ ಹೊರಟರೆ ಕಾಲು ದಣಿದ ಮೇಲೆ, ಕತ್ತಲಾದ ಮೇಲೆ, ಬಸ್ಸುಗಳ ನಡುವೆ ಗುಡ್ಡ ಹತ್ತಬೇಕಾಗುತ್ತದೆ. ಅಷ್ಟು ಹತ್ತಿ ಮೇಲೆ ಬಂದಾಗ ಸಂತ ಅಲೋಶಿಯಸ್ ಚಾಪೆಲ್‌ನ ಬಾಗಿಲು ಮುಚ್ಚಿರುತ್ತದೆ.

ಆ ಚಾಪೆಲ್ ಹಗಲ ಬೆಳಕಿನಲ್ಲೇ ನೋಡಬೇಕಾದ್ದು. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ಗೋಡೆ, ಕಮಾನು, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಕೆಲವು ಫ್ರೆಸ್ಕೊ, ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುವುದು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಆದ್ದರಿಂದ ಮೇಲ್ಮೈಗೆ ಹೊಳಪಿಲ್ಲ. ತೈಲಚಿತ್ರ ಬೆಳಕಿಗೆ ಮಿನುಗುತ್ತದೆ. ಕಿಟಕಿಯಿಂದ ಓರೆ ಬಿಸಿಲು ಬರುವಾಗ ಈ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ.

ಸಮಯವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಡಿಸೆಂಬರ್‌ನಲ್ಲಿ ಮಂಗಳೂರಿನ ಸೂರ್ಯ 6 ಗಂಟೆ ದಾಟಿ ಕಾಲು ಗಂಟೆಯೊಳಗೆ ಮುಳುಗುತ್ತಾನೆ. ಆಮೇಲೆ ದಾರಿ ಕಾಣುವಷ್ಟು ಬೆಳಕು ಉಳಿಯುವುದು ಇಪ್ಪತ್ತು ನಿಮಿಷ. 5:45ಕ್ಕೆ ಬತ್ತೇರಿಯಲ್ಲಿರಬೇಕಾದರೆ 3:45ಕ್ಕೆ ಬಾವುಟಗುಡ್ಡೆಯಲ್ಲಿ ಸೇರಿ. ಚಾಪೆಲ್‌ಗೆ 25 ನಿಮಿಷ. ಹೊರಗೆ ಬಂದರೆ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ: 1837ರ ಅಮರ ಸುಳ್ಯ ದಂಗೆಯಲ್ಲಿ ರೈತಸೇನೆ ಈಸ್ಟ್ ಇಂಡಿಯಾ ಕಂಪೆನಿಯ ಬಾವುಟ ಇಳಿಸಿ ತನ್ನದನ್ನು ಏರಿಸಿದ ಗುಡ್ಡ ಇದು. ಹೆಸರು ಹೇಗೆ ಬಂತೆಂದು ಅಲ್ಲೇ ನಿಂತು ಹೇಳಿದರೆ ಮಕ್ಕಳಿಗೂ ಮರೆಯುವುದಿಲ್ಲ.

ಅಲ್ಲಿಂದ ಹಂಪನಕಟ್ಟೆಗೆ ಇಳಿತ. 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಚರ್ಚ್, ಪುರಭವನ, ನೆಹರೂ ಮೈದಾನ, ಪಾಂಡೇಶ್ವರ ಕಡೆಯ ರೊಸಾರಿಯೊ ಕೆಥೆಡ್ರಲ್, ಹಳೆಬಂದರು, ರಥಬೀದಿಯ ವೆಂಕಟರಮಣ ದೇವಸ್ಥಾನ ಈ ಕ್ರಮದಲ್ಲಿ ಹೋಗಿ. ಎಲ್ಲ ಕಡೆ ಇಳಿಯಬೇಡಿ. ಎರಡು ಕಡೆ ಇಳಿದು ನೋಡಿ, ಉಳಿದದ್ದನ್ನು ಸೈಕಲ್ ನಿಲ್ಲಿಸಿ ಎರಡು ಮಾತಿನಲ್ಲಿ ಹೇಳಿ ಮುಂದೆ ಸಾಗಿ. ಕುದ್ರೋಳಿಯನ್ನು ಈಗ ದಾಟಿಬಿಡಿ, ಅದು ವಾಪಸು ಬರುವಾಗ. ನೇರ ಬತ್ತೇರಿ ಇರುವ ಬೋಳೂರಿಗೆ.

ಸುಲ್ತಾನ್ ಬತ್ತೇರಿ 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಗುರುಪುರ ಹೊಳೆಯೊಳಗೆ ಯುದ್ಧನೌಕೆ ನುಗ್ಗದಂತೆ ತಡೆಯಲು. ಮೇಲೆ ಹತ್ತಿ ತೋಪಿನ ಕಂಡಿಗಳಲ್ಲಿ ನೋಡಿದರೆ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳುದಂಡೆ. ಸೂರ್ಯ ಮುಳುಗುವುದು ಅದೇ ದಿಕ್ಕಿಗೆ. ಇಡೀ ಸವಾರಿಯಲ್ಲಿ ಗಡಿಯಾರ ನೋಡಿ ತಲುಪಲೇಬೇಕಾದ ಜಾಗ ಇದೊಂದೇ.

ಕತ್ತಲಾದ ಮೇಲೆ ಕುದ್ರೋಳಿ ಗೋಕರ್ಣನಾಥೇಶ್ವರ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕ್ಷೇತ್ರ. ದೀಪಗಳಲ್ಲಿ ಗೋಪುರ ಹಗಲಿಗಿಂತ ಚೆಂದ ಕಾಣುತ್ತದೆ. ಸವಾರಿ ಅಲ್ಲೇ ಮುಗಿಯಲಿ, ಸೈಕಲನ್ನು ವಾಹನದಲ್ಲಿ ಮೇಲಕ್ಕೆ ಸಾಗಿಸುವ ಏರ್ಪಾಡು ಇದೆಯೇ ಕೇಳಿ. ಇಲ್ಲವಾದರೆ ಲೇಡಿಹಿಲ್, ಲಾಲ್‌ಬಾಗ್, ಎಂ.ಜಿ. ರಸ್ತೆ ಹಿಡಿದು ಬನ್ನಿ: ದಾರಿ ಸುತ್ತು, ಆದರೆ ಅಗಲ, ಬೀದಿದೀಪ ಇದೆ. ಒಟ್ಟು ತುಳಿಯುವುದು ಹತ್ತರಿಂದ ಹದಿಮೂರು ಕಿ.ಮೀ.

ಕದ್ರಿಯನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿನ ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿದೆ. ಅಂಥದ್ದನ್ನು ಹತ್ತು ನಿಮಿಷದಲ್ಲಿ ನೋಡಿ ಹೊರಡುವುದು ನೋಡದಿರುವುದಕ್ಕಿಂತ ಬೇಸರದ ಕೆಲಸ. ಮರುದಿನ ಬೆಳಿಗ್ಗೆ ಇಡಿ.

ಪ್ರಶ್ನೆ: ಬಾಡಿಗೆ ಸೈಕಲ್ ಕೊಡುತ್ತಾರಂತೆ. ಸೈಕಲ್ ಬಗ್ಗೆ ಏನೂ ಗೊತ್ತಿಲ್ಲದವರು ಏನು ನೋಡಿ ತೆಗೆದುಕೊಳ್ಳಬೇಕು? (ಸುರತ್ಕಲ್)

ಐದು ನಿಮಿಷ ಸಾಕು. ಮೊದಲು ಬ್ರೇಕ್, ಯಾಕೆಂದರೆ ಈ ಸವಾರಿ ಇಳಿಜಾರಿನಿಂದಲೇ ಶುರುವಾಗುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ: ಹಿಂಚಕ್ರ ಮೇಲೇಳಬೇಕು. ಹಿಂದಿನದನ್ನು ಹಿಡಿದು ತಳ್ಳಿ: ಹಿಂಚಕ್ರ ಉರುಳದೆ ಎಳೆದುಕೊಂಡು ಬರಬೇಕು. ಬ್ರೇಕಿನ ಹಿಡಿ ಅರ್ಧಕ್ಕಿಂತ ಹೆಚ್ಚು ಒಳಗೆ ಬಂದು ಹ್ಯಾಂಡಲಿಗೆ ತಾಗುತ್ತಿದ್ದರೆ ಕೇಬಲ್ ಸಡಿಲ ಅಥವಾ ಪ್ಯಾಡ್ ಸವೆದಿದೆ. ಚಕ್ರದ ಬಳೆಯನ್ನು ಹಿಡಿಯುವ ರಿಮ್ ಬ್ರೇಕಿನ ರಬ್ಬರಿನಲ್ಲಿ ಗೀರುಗಳಿರುತ್ತವೆ. ಅವು ಅಳಿಸಿಹೋಗಿದ್ದರೆ ಬೇರೆ ಸೈಕಲ್ ಕೇಳಿ. ಡಿಸ್ಕ್ ಬ್ರೇಕ್ ಆಗಿದ್ದರೆ ಚಕ್ರದ ನಡುವಿನ ತಟ್ಟೆಯನ್ನು ಬೆರಳಿನಿಂದ ಮುಟ್ಟಬೇಡಿ. ಕೈಯ ಎಣ್ಣೆ ತಾಗಿದರೆ ಬ್ರೇಕ್ ಜಾರುತ್ತದೆ, ಕಿರುಚುತ್ತದೆ. ಇಳಿದ ಕೂಡಲೇ ಮುಟ್ಟಿದರೆ ಸುಡುತ್ತದೆ. ಎಡಗೈಗೆ ಯಾವ ಬ್ರೇಕ್, ಬಲಗೈಗೆ ಯಾವುದು ಎಂದು ಹೊರಡುವ ಮೊದಲೇ ಹಿಡಿದು ನೋಡಿ. ಇಲ್ಲಿ ಸಾಮಾನ್ಯವಾಗಿ ಬಲಗೈ ಮುಂಚಕ್ರದ್ದು, ಆದರೆ ಎಲ್ಲ ಸೈಕಲಿನಲ್ಲೂ ಹಾಗಿರುವುದಿಲ್ಲ.

ಆಮೇಲೆ ಗಾಳಿ. ಟಯರಿನ ಬದಿಯಲ್ಲಿ ಕನಿಷ್ಠ, ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. 65ರಿಂದ 70 ಕೆ.ಜಿ. ತೂಕದವರಿಗೆ 26 ಇಂಚಿನ ದಪ್ಪ ಟಯರಾದರೆ 40ರಿಂದ 45 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), 700ಸಿ ಎಂಬ ಅಳತೆಯ, ತೆಳುವಾದ ಹೈಬ್ರಿಡ್ ಟಯರಾದರೆ 55ರಿಂದ 60 ಸರಿ ಬರುತ್ತದೆ. ಕಡಿಮೆ ಗಾಳಿಯೇ ಮಂಗಳೂರಿನಲ್ಲಿ ಪಂಕ್ಚರಿಗೆ ದೊಡ್ಡ ಕಾರಣ. ಕಾಂಕ್ರೀಟ್ ರಸ್ತೆಯ ಅಂಚು, ಚರಂಡಿ ಚಪ್ಪಡಿಯ ಮೂಲೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಪ್ಯಾಚ್ ಹಾಕುವವರು ಒಂದನ್ನೇ ಮುಚ್ಚಿ ಬಿಟ್ಟರೆ ಹತ್ತು ನಿಮಿಷದಲ್ಲಿ ಮತ್ತೆ ಚಪ್ಪಟೆ.

ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಹಿಡಿಯನ್ನು ನಟ್ಟಿನಂತೆ ತಿರುಗಿಸಿ ಬಿಗಿ ಮಾಡುವುದಲ್ಲ, ಮಡಚಿ ಒತ್ತುವುದು. ಮಡಚುವಾಗ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಿಗಿ ಇರಬೇಕು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲಿನ ಬುಡದಲ್ಲಿ ಟಕ್ ಟಕ್ ಎಂದರೆ ಅದನ್ನು ಒಯ್ಯಬೇಡಿ.

ಕೊನೆಗೆ ಸೀಟು. ಸೀಟಿನ ಮೇಲೆ ಕುಳಿತು ಪೆಡಲನ್ನು ಕೆಳಕ್ಕೆ ತಂದು ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮೊಣಕಾಲು ತುಸು ಬಾಗಿಯೇ ಇರುತ್ತದೆ. ಸೀಟು ತಗ್ಗಿದ್ದರೆ ಮೂರನೆಯ ಕಿ.ಮೀ.ಗೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಸೀಟಿನ ಕೊಳವೆಯಲ್ಲಿ ಕನಿಷ್ಠ ಆಳದ ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಎತ್ತಬೇಡಿ.

ಪ್ರಶ್ನೆ: ವಯಸ್ಸು 54. ಸೈಕಲ್ ಬಿಟ್ಟು ಮೂವತ್ತು ವರ್ಷ. ಗೇರಿನ ಸೈಕಲ್ ಮುಟ್ಟಿಯೇ ಇಲ್ಲ. ಗುಂಪಿಗೆ ಹೊರೆಯಾಗುತ್ತೇನೆಯೇ? (ಬಂಟ್ವಾಳ)

ಆಗುವುದಿಲ್ಲ. ಮೇಲೆ ಹೇಳಿದ ಕ್ರಮದಲ್ಲಿ ಹೋಗಿ ಕುದ್ರೋಳಿಯಲ್ಲೇ ಮುಗಿಸಿದರೆ ಕಷ್ಟದ ಏರೇ ಇಲ್ಲ. ಹೃದಯ ಅಥವಾ ಮೊಣಕಾಲಿನ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ಮುಂಚಿನ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಸಾಲುತ್ತದೆ.

ಅಭ್ಯಾಸ ಮಾಡಬೇಕಾದ್ದು ಮೂರು. ಒಂದು, ಹೊರಡುವುದು: ಬಲ ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದು ತುಳಿದರೆ ಒಂದೇ ತುಳಿತಕ್ಕೆ ಓಟ ಸಿಗುತ್ತದೆ, ಓಲಾಡುವುದಿಲ್ಲ. ಎರಡು, ಒಂದು ಕೈ ಬಿಟ್ಟು ಸನ್ನೆ ಮಾಡುತ್ತ, ಹಿಂದೆ ತಿರುಗಿ ನೋಡುತ್ತ ನೇರ ಹೋಗುವುದು. ಇದು ಬಾರದೆ ರಸ್ತೆಗೆ ಇಳಿಯಬಾರದು. ಬಲಕ್ಕೆ ತಿರುಗುವಾಗ ಜೀವ ಉಳಿಸುವ ಅಭ್ಯಾಸ ಇದು. ಮೂರು, ಗೇರು. ಹಿಂದಿನ ದೊಡ್ಡ ಹಲ್ಲುಚಕ್ರ ಹಗುರ, ಸಣ್ಣದು ಭಾರ. ಮುಂದಿನದು ಇದಕ್ಕೆ ತದ್ವಿರುದ್ಧ. ಏರು ಶುರುವಾಗುವ ಮೊದಲೇ ಹಗುರಕ್ಕೆ ಬದಲಿಸಿ. ಏರಿನ ನಡುವೆ ಬಲವಾಗಿ ತುಳಿಯುತ್ತಿರುವಾಗ ಬದಲಿಸಿದರೆ ಚೈನು ಕಟಕಟ ಎಂದು ಹಲ್ಲು ತಪ್ಪುತ್ತದೆ, ಒಮ್ಮೊಮ್ಮೆ ಕಳಚುತ್ತದೆ. ಹಾಗಾದಾಗ ಗಾಬರಿಯಿಂದ ತುಳಿಯಬೇಡಿ: ಇಳಿದು, ಪಕ್ಕಕ್ಕೆ ಸರಿದು, ಹಿಂಚಕ್ರದ ಬಳಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಡಿರೇಲರನ್ನು ಮುಂದಕ್ಕೆ ಒತ್ತಿ ಚೈನು ಸಡಿಲ ಮಾಡಿ, ಹಲ್ಲಿಗೆ ಕೂರಿಸಿ, ಪೆಡಲನ್ನು ಕೈಯಿಂದ ತಿರುಗಿಸಿ.

ಇಳಿತದಲ್ಲಿ ಎರಡೂ ಬ್ರೇಕ್ ಒಟ್ಟಿಗೆ, ಸ್ವಲ್ಪ ಹಿಡಿದು ಸ್ವಲ್ಪ ಬಿಡುತ್ತ ಬನ್ನಿ. ಸೊಂಟ ಹಿಂದಕ್ಕೆ ಸರಿಯಲಿ. ಮುಂದಿನದನ್ನು ಮಾತ್ರ ಗಪ್ಪನೆ ಹಿಡಿದರೆ ಮುಂದಕ್ಕೆ ಉರುಳುತ್ತೀರಿ. ಹಿಂದಿನದನ್ನು ಮಾತ್ರ ನಂಬಿದರೆ ನಿಲ್ಲುವ ದೂರ ಬಹಳ ಹೆಚ್ಚುತ್ತದೆ. ಸುಸ್ತಾದರೆ ಇಳಿದು ನೂಕಿಕೊಂಡು ನಡೆಯಿರಿ. ಮಾತಾಡುತ್ತ ತುಳಿಯಲು ಆಗುತ್ತಿದೆಯೇ ಎಂಬುದೇ ಸರಿಯಾದ ವೇಗದ ಪರೀಕ್ಷೆ. ಈ ಸೆಕೆಯಲ್ಲಿ ಗಂಟೆಗೆ ಅರ್ಧ ಲೀಟರ್ ನೀರು ಬೇಕು, ಬಾಯಾರುವ ಮೊದಲೇ ಕುಡಿಯಿರಿ.

ಪ್ರಶ್ನೆ: ಮೊಬೈಲ್ ಟಾರ್ಚನ್ನೇ ಹ್ಯಾಂಡಲಿಗೆ ಕಟ್ಟಿದರೆ ಸಾಲದೇ? (ಉಳ್ಳಾಲ)

ಸಾಲದು. ಅದರ ಬೆಳಕು ಸುತ್ತ ಚದರುತ್ತದೆ, ಗುಂಡಿ ಕಾಣುವುದಿಲ್ಲ, ಎದುರಿನವರ ಕಣ್ಣಿಗೆ ಮಾತ್ರ ಚುಚ್ಚುತ್ತದೆ. ದಾರಿ ತಪ್ಪಿದಾಗ ಬೇಕಾದ ಫೋನಿನ ಚಾರ್ಜೂ ಮುಗಿದಿರುತ್ತದೆ. ಬೀದಿದೀಪವಿರುವ ನಗರಕ್ಕೆ 200ರಿಂದ 300 ಲುಮೆನ್‌ನ (ಬೆಳಕಿನ ಪ್ರಮಾಣದ ಅಳತೆ) ಮುಂದೀಪ ಧಾರಾಳ. ಬೆಳಕಿನ ನಡುಭಾಗ ಆರೆಂಟು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ತಗ್ಗಿಸಿ. ಮಿನುಗುವ ಬೆಳಕು ಮುಸ್ಸಂಜೆಗೆ ಸರಿ. ಕತ್ತಲಾದ ಮೇಲೆ ಸ್ಥಿರ ಬೆಳಕೇ ಬೇಕು, ಮಿನುಗುದೀಪದ ಹಿಂದಿನ ಸೈಕಲ್ ಎಷ್ಟು ದೂರದಲ್ಲಿದೆ ಎಂದು ಬಸ್ಸಿನವರಿಗೆ ಅಂದಾಜು ಸಿಗುವುದಿಲ್ಲ. ಹಿಂದೆ ಕೆಂಪು ದೀಪ, ಚೀಲವಾಗಲಿ ಅಂಗಿಯ ಅಂಚಾಗಲಿ ಅದನ್ನು ಮುಚ್ಚಬಾರದು. ಹೊಳೆಯುವ ಪಟ್ಟಿ ಕೊಳ್ಳುವುದಾದರೆ ಕಣಕಾಲಿಗೆ ಕಟ್ಟಿ: ಮೇಲೆ ಕೆಳಗೆ ಆಡುವ ಹೊಳಪು ದೂರದಿಂದಲೇ ಇದು ಸೈಕಲ್ ಎಂದು ಹೇಳಿಬಿಡುತ್ತದೆ.

ಪ್ರಶ್ನೆ: ನಾವು ನಾಲ್ವರು ಸೇರಿ ಇಂಥ ಸವಾರಿ ನಡೆಸಬೇಕೆಂದಿದ್ದೇವೆ. ಗುಂಪು ಎಷ್ಟಿರಬೇಕು, ಹಂಪನಕಟ್ಟೆ ದಾಟಿಸುವುದು ಹೇಗೆ, ಕಥೆ ಎಲ್ಲಿ ಹೇಳುವುದು? (ಬಿಜೈ)

ಒಬ್ಬ ಮುಂದಾಳಿಗೆ ಎಂಟು ಸವಾರರು, ಅದಕ್ಕಿಂತ ಹೆಚ್ಚು ಬೇಡ. ಒಂಬತ್ತನೆಯವರು ಸಿಗ್ನಲ್ಲಿನ ಆಚೆ ಉಳಿಯುತ್ತಾರೆ, ಗುಂಪು ಹರಿಯುತ್ತದೆ. ಕೊನೆಯಲ್ಲಿ ಒಬ್ಬರು ಕಡ್ಡಾಯ. ಪಂಪು, ಎರಡು ಅಳತೆಯ ಟ್ಯೂಬು, ಟಯರ್ ಲಿವರ್, ಅಲೆನ್ ಕೀ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅವರ ಬಳಿ ಇರಲಿ. ವೇಗವನ್ನು ನಿರ್ಧರಿಸುವುದು ಮುಂದಿನವರಲ್ಲ, ಎಲ್ಲರಿಗಿಂತ ನಿಧಾನದವರು. ಅವರನ್ನು ಮುಂದಾಳಿನ ಬೆನ್ನಹಿಂದೆಯೇ ಇರಿಸಿ. ತಿರುವು ಬಂದಲ್ಲಿ ಆ ನಿಧಾನದವರ ಹಿಂದಿನವರು ಮೂಲೆಯಲ್ಲಿ ನಿಂತು ಕೈ ತೋರಿಸಲಿ, ಕೊನೆಯವರು ಬಂದ ಮೇಲೆ ಸೇರಿಕೊಳ್ಳಲಿ. ಹೀಗೆ ಮಾಡಿದರೆ ಯಾರೂ ಕಳೆದುಹೋಗುವುದಿಲ್ಲ.

ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಸುತ್ತಮುತ್ತ ಏಕಮುಖ ಸಂಚಾರ ಆಗಾಗ ಬದಲಾಗುತ್ತದೆ. ಹಿಂದಿನ ದಿನ ಒಮ್ಮೆ ಹೋಗಿ ನೋಡಿಬನ್ನಿ. ಸಂಜೆ ಐದೂವರೆಯಿಂದ ಏಳೂವರೆವರೆಗೆ ಅಲ್ಲಿ ಬಲಕ್ಕೆ ತಿರುಗುವ ಸಾಹಸ ಬೇಡ. ಎಡಕ್ಕೆ ನಿಲ್ಲಿಸಿ, ಎಲ್ಲರೂ ಸೇರಿ, ಇಳಿದು ಪಾದಚಾರಿಗಳಾಗಿ ದಾಟಿ. ನಮ್ಮ ಸಿಟಿ ಬಸ್ಸುಗಳ ಸ್ವಭಾವವನ್ನು ಹೊರಗಿನವರಿಗೆ ಮೊದಲೇ ವಿವರಿಸಿ: ಟೈಮಿಂಗಿನ ಓಟದಲ್ಲಿರುವ ಬಸ್ಸು ಸ್ಟಾಪ್ ಕಂಡ ಕೂಡಲೇ ಎಡಕ್ಕೆ ಎಳೆಯುತ್ತದೆ, ಪೂರ್ತಿ ನಿಲ್ಲುವ ಮೊದಲೇ ಜನ ಇಳಿಯುತ್ತಾರೆ. ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಸಂದಿಗೆ ಯಾವತ್ತೂ ನುಗ್ಗಬಾರದು, ಹಿಂದೆ ನಿಂತು ಕಾಯಬೇಕು. ನಿಂತ ಕಾರುಗಳ ಪಕ್ಕ ಒಂದು ಮೀಟರ್ ಬಿಟ್ಟು ಹೋಗಬೇಕು, ಬಾಗಿಲು ತೆರೆಯುವುದಕ್ಕೆ ಸೂಚನೆ ಇರುವುದಿಲ್ಲ. ಮೀನುದೋಣಿಗಳು ನಿಲ್ಲುವ ದಕ್ಕೆಯ ಬಳಿ ಮೀನುಲಾರಿಗಳಿಂದ ಸೋರಿದ ನೀರಿನಲ್ಲಿ ಜಿಡ್ಡಿರುತ್ತದೆ. ಅಲ್ಲಿ ಸೈಕಲನ್ನು ವಾಲಿಸಿ ತಿರುಗಿಸಬೇಡಿ, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ಬಿಟ್ಟಿರಬೇಕು.

ಕಥೆ ಹೇಳುವುದು ಸೈಕಲ್ ಪೂರ್ತಿ ರಸ್ತೆಯಿಂದ ಹೊರಗಿರುವ ಜಾಗದಲ್ಲಿ ಮಾತ್ರ, ಒಂದೊಂದು ಕಡೆ ಐದು ನಿಮಿಷ. ತುಳಿಯುತ್ತ ಹಿಂದೆ ತಿರುಗಿ ಕೂಗಿ ಹೇಳಿದ್ದು ಮೂರನೆಯವರಿಗೇ ಕೇಳಿಸುವುದಿಲ್ಲ. ಇಸವಿಗಳ ಪಟ್ಟಿ ಒಪ್ಪಿಸುವ ಬದಲು ಒಂದು ವಸ್ತುವನ್ನು ಹಿಡಿದುಕೊಳ್ಳಿ. ಉದಾಹರಣೆಗೆ ಹಂಚು. ಬಂದರಿನ ಹಳೆಯ ಗೋದಾಮುಗಳ ಮಾಡು ತೋರಿಸಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದನ್ನು ಹೇಳಿ. ಹೊಳೆದಂಡೆಯ ಜೇಡಿಮಣ್ಣು, ಹೊಳೆಯಲ್ಲೇ ದೋಣಿ ಸಾಗಾಟ, ಪಕ್ಕದಲ್ಲೇ ಬಂದರು. ಈ ಮೂರೂ ಒಂದೇ ಊರಿನಲ್ಲಿ ಸಿಕ್ಕಿದ್ದರಿಂದ ‘ಮಂಗಳೂರು ಹಂಚು’ ಎಂಬ ಹೆಸರು ಹಡಗು ಹತ್ತಿತು ಎಂದಾಗ ಸವಾರರು ಮಾಡುಗಳನ್ನು ನೋಡುತ್ತಲೇ ಮುಂದುವರಿಯುತ್ತಾರೆ. ಕನ್ನಡ ಓದುವವರ ಗುಂಪಾದರೆ ಬಾಸೆಲ್ ಮಿಷನ್ನಿನ ಹಳೆಯ ನೆಲೆಯಾದ ಬಲ್ಮಠಕ್ಕೆ ಹತ್ತು ನಿಮಿಷ ಮೀಸಲಿಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಇದ್ದದ್ದು ಈ ಮಿಷನ್ನಿನಲ್ಲಿ, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಬಂದದ್ದೂ ಇದೇ ಊರಿನ ಈ ಮಿಷನ್ನಿನಿಂದ. ಬಾವುಟಗುಡ್ಡೆಗೆ ಬರುವ ಮೊದಲೇ ಇದನ್ನು ಮುಗಿಸಿದರೆ ಏರಿಳಿತ ಉಳಿಯುತ್ತದೆ.

ದೇವಸ್ಥಾನದೊಳಗೆ ಹೋಗುವುದಿದ್ದರೆ ಚಡ್ಡಿಯಲ್ಲಿ ಬಂದವರಿಗೆ ಕಷ್ಟ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಿ. ನಾಲ್ಕು ಪಂಚೆ ಮಡಚಿ ಚೀಲದಲ್ಲಿಡಿ, ಭಾರವೇನಿಲ್ಲ.

ಪ್ರಶ್ನೆ: ಐಸ್‌ಕ್ರೀಮ್ ನಿಲುಗಡೆ ನಡುವೆ ಇರಲೋ, ಕೊನೆಗೋ? (ಮೂಡುಬಿದಿರೆ)

ಕೊನೆಗೆ. ಗಡ್‌ಬಡ್ ಐಸ್‌ಕ್ರೀಮ್ ತಿಂದು ತುಳಿದರೆ ಹೊಟ್ಟೆ ಭಾರ, ಸೂರ್ಯಾಸ್ತವೂ ತಪ್ಪುತ್ತದೆ. ನಡುವೆ ಬೊಂಡ (ಎಳನೀರು) ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ಹೋಗಬಹುದೇ? (ಪುತ್ತೂರು)

ಜೂನ್, ಜುಲೈ ಬೇಡ. ಸೂರ್ಯ ಏಳರವರೆಗೆ ಇರುತ್ತಾನೆ ಎಂಬ ಆಸೆ ಹುಟ್ಟುತ್ತದೆ, ಆದರೆ ಮೋಡದಲ್ಲಿ ಆರಕ್ಕೇ ಕತ್ತಲು. ನೀರು ನಿಂತ ರಸ್ತೆಯಲ್ಲಿ ತೆರೆದ ಚರಂಡಿ ಕಾಣುವುದಿಲ್ಲ. ರಿಮ್ ಬ್ರೇಕ್ ಒದ್ದೆಯಾದಾಗ ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರಸಿದ ಮೇಲೆಯೇ ಹಿಡಿಯುತ್ತದೆ. ಇಂಟರ್‌ಲಾಕ್ ಕಲ್ಲಿನ ಪಾಚಿ, ರಸ್ತೆಯ ಬಿಳಿ ಗೆರೆ, ಕಬ್ಬಿಣದ ಮುಚ್ಚಳ ಮೂರೂ ಸಾಬೂನಿನಂತೆ. ಸೆಪ್ಟೆಂಬರ್ ಕೊನೆಯ ಬಿಡುವಿನಲ್ಲಿ ಹೋಗುವುದಾದರೆ ಟಯರಿನ ಗಾಳಿ ಐದು ಪಿ.ಎಸ್.ಐ. ಇಳಿಸಿ, ಬತ್ತೇರಿಯ ಮೆಟ್ಟಿಲನ್ನು ನಿಧಾನ ಹತ್ತಿ.

ಪ್ರಶ್ನೆ: ಉಡುಪಿಯಲ್ಲಿ ಇಂಥದ್ದೇ ಮಾಡಿದರೆ? (ಮಣಿಪಾಲ)

ಚೆನ್ನಾಗಿಯೇ ಆಗುತ್ತದೆ, ಆದರೆ ಕ್ರಮ ಬೇರೆ. ಮಲ್ಪೆಯ ಕಡೆ ದಾರಿ ಸಮತಟ್ಟು, ಆರು ಕಿ.ಮೀ. ಆಸುಪಾಸು, ಸೂರ್ಯಾಸ್ತ ಮಲ್ಪೆಯಲ್ಲಿ, ಕತ್ತಲಾದ ಮೇಲೆ ರಥಬೀದಿ. ರಥಬೀದಿಯಲ್ಲಿ ಸೈಕಲ್ ಏರಬೇಡಿ, ಹೊರಗೆ ಬೀಗ ಹಾಕಿ ನಡೆಯಿರಿ. ಕೃಷ್ಣಮಠ, ಕನಕನ ಕಿಂಡಿ, ಅನಂತೇಶ್ವರ, ಚಂದ್ರಮೌಳೀಶ್ವರ, ಅಷ್ಟಮಠಗಳು ಎಲ್ಲ ಒಂದೇ ಸುತ್ತಿನಲ್ಲಿವೆ. ರಥೋತ್ಸವದ ಸಂಜೆ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಪರ್ಯಾಯದ (ಕೃಷ್ಣಮಠದ ಪೂಜೆಯ ಹೊಣೆ ಮಠದಿಂದ ಮಠಕ್ಕೆ ಹೋಗುವ ಉತ್ಸವ) ದಿನಗಳಲ್ಲಿ ಗುಂಪು ಸವಾರಿ ಇಟ್ಟುಕೊಳ್ಳಬೇಡಿ. ಮಣಿಪಾಲದಿಂದ ಸೈಕಲಿನಲ್ಲೇ ಇಳಿದರೆ ರಾತ್ರಿ ಆ ಏರನ್ನು ಹತ್ತುವುದೂ ನಿಮ್ಮದೇ ಪಾಲು.

ಪ್ರಶ್ನೆ: ತಣ್ಣೀರುಬಾವಿಗೆ ಹೋಗಿಬಂದ ಮೇಲೆ ಚೈನು ಎರಡೇ ದಿನದಲ್ಲಿ ಕೆಂಪಾಯಿತು. ತೆಂಗಿನೆಣ್ಣೆ ಹಾಕಿದೆ, ಈಗ ಮರಳು ಅಂಟಿ ಕರಕರ ಎನ್ನುತ್ತಿದೆ. (ಕುಳಾಯಿ)

ತೆಂಗಿನೆಣ್ಣೆ ಚೈನಿಗಲ್ಲ. ಅದು ಹೊರಮೈಯಲ್ಲಿ ಉಳಿದು ಧೂಳು ಹಿಡಿಯುತ್ತದೆ, ನೀರು ತಾಗಿದರೆ ಬೇಗ ತೊಳೆದುಹೋಗುತ್ತದೆ. ಅಂಟಿದ ಮರಳು ಅರದಂತೆ ಕೊಂಡಿಗಳನ್ನೂ ಹಲ್ಲುಗಳನ್ನೂ ತಿನ್ನುತ್ತದೆ. ಹಳೆಯ ಬ್ರಷ್ಷಿನಿಂದ, ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಚೈನು ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರಸಿ ಪೂರ್ತಿ ಒಣಗಲು ಬಿಡಿ. ಪೈಪಿನ ಜೋರು ನೀರನ್ನು ಚಕ್ರದ ನಡುಭಾಗಕ್ಕೂ ಪೆಡಲಿನ ಬುಡಕ್ಕೂ ಬಿಡಬೇಡಿ, ಬೇರಿಂಗಿನ ಗ್ರೀಸು ಹೋಗುತ್ತದೆ. ಒಣಗಿದ ಮೇಲೆ ಚೈನ್ ಲೂಬ್, ಪ್ರತಿ ಕೊಂಡಿಯ ಉರುಳೆಗೆ ಒಂದೇ ಹನಿ. ಪೆಡಲನ್ನು ಒಂದು ನಿಮಿಷ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಒರಸಿಬಿಡಿ. ಎಣ್ಣೆ ಬೇಕಾದ್ದು ಉರುಳೆಯ ಒಳಗೆ, ಹೊರಗಲ್ಲ. ಕೆಂಪು ಮೇಲ್ಮೈಯಲ್ಲಷ್ಟೇ ಇದ್ದರೆ ಇಷ್ಟರಲ್ಲಿ ಹೋಗುತ್ತದೆ. ಕೊಂಡಿ ಬಗ್ಗಿಸಿದಾಗ ಬಿಗಿಯಾಗಿ ಹಾಗೆಯೇ ನಿಂತರೆ ಹೊಸ ಚೈನು ಹಾಕಿಸಿ. ಇನ್ನು ಮುಂದೆ ಮರಳಿನ ಮೇಲೆ ತುಳಿಯದೆ, ದೋಣಿಯಿಂದ ಇಳಿದಲ್ಲಿಂದ ಗಟ್ಟಿ ರಸ್ತೆಯವರೆಗೆ ಎತ್ತಿಕೊಂಡು ಹೋಗಿ. ಮನೆಗೆ ಬಂದ ರಾತ್ರಿಯೇ ಒದ್ದೆ ಬಟ್ಟೆಯಿಂದ ಉಪ್ಪು ಒರಸಿ.